ನಿಮ್ಮ ನಾಯಕ, ನಮ್ಮ ಸೇಡು

ಅಮೆರಿಕದವರು ಸೋವಿಯತ್ ರಷ್ಯಾದ ನಾಯಕ ಗೋರ್ಬಚೆವ್ ಅವರನ್ನು ಬುಟ್ಟಿಗೆ ಹಾಕಿಕೊಂಡು ಆ ದೇಶವನ್ನೇ ಮುರಿದರು. ಅದಕ್ಕೆ ಈಗ ರಷ್ಯಾದವರು ಟ್ರಂಪ್ ಅವರನ್ನು ಬುಟ್ಟಿಗೆ ಹಾಕಿಕೊಂಡು ಅಮೆರಿಕವನ್ನು ಮುರಿಯುತ್ತಿದ್ದಾರೆ. ಲೆಕ್ಕ ಚುಕ್ತಾ.

ಇದು ಚಿಕ್ಕಮಗಳೂರಿನ ಐ.ಜಿ. ರಸ್ತೆ ಹತ್ತಿರದ ಹೋಟೆಲೊಂದರ ಮೂಲೆ ಟೇಬಲ್ಲಿನಿಂದ ಹೊರಬಿದ್ದ ತೀರ್ಪು. ಪೀಠದಲ್ಲಿ ಮೂವರು. ಅರೇಬಿಕಾ ತೋಟದ ಗೌಡ್ರು, ನಿವೃತ್ತ ಮೇಷ್ಟ್ರು, ಹಾಸನದಿಂದ ವಾರಕ್ಕೊಮ್ಮೆ ಬರುವ ಗೊಬ್ಬರದ ಏಜೆಂಟರು. ಜಗತ್ತಿನ ನಾಯಕರೆಲ್ಲ ಯಾರದೋ ಏಜೆಂಟರು ಅಂತ ಈ ಮೂವರೂ ನಂಬಿದ್ದಾರೆ. ತಾನು ಏಜೆಂಟ್ ಅಂತ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿಕೊಂಡವರು ಮಾತ್ರ ಒಬ್ಬರೇ.

ಸಾಕ್ಷಿ ಬೇಕಲ್ಲ? ಗೌಡ್ರ ಹತ್ತಿರ ಇದೆ. ಸೋವಿಯತ್ ಒಕ್ಕೂಟ ನಮ್ಮ ಕಾಫಿಗೆ ದೊಡ್ಡ ಗಿರಾಕಿಯಾಗಿತ್ತು. ಡಾಲರ್ ಗೊಡವೆ ಇಲ್ಲ, ರೂಪಾಯಿ ಲೆಕ್ಕದಲ್ಲೇ ವ್ಯಾಪಾರ. ಎಲ್ಲರ ಬೆಳೆ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲಿಗೆ ಮೂಟೆ ಹಾಕಿ ಬಂದರೆ ಬೆಳೆಗಾರನ ಕೆಲಸ ಮುಗಿಯಿತು. 1991ರ ಡಿಸೆಂಬರ್ 25ರಂದು ಗೋರ್ಬಚೆವ್ ರಾಜೀನಾಮೆ ಕೊಟ್ಟರು. ಗಿರಾಕಿ ಹೋಗಲಿ, ಗಿರಾಕಿಯ ದೇಶವೇ ಇಲ್ಲವಾಯಿತು. "ನಮ್ಮಪ್ಪ ಆಮೇಲೆ ಜೀಪು ಮಾರಿದ್ರು ಕಣ್ರೀ. ಇನ್ನೇನು ಸಾಕ್ಷಿ ಬೇಕು?" ಅನ್ನುತ್ತಾರೆ ಗೌಡ್ರು. ಜೀಪು ಮಾರಿದ್ದು ನಿಜವೇ. ಆದರೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೂ ಆ ಜೀಪಿಗೂ ನಡುವೆ ಇರುವ ದಾರಿಯನ್ನು ಮಾತ್ರ ಯಾರೂ ತೋರಿಸಲಿಲ್ಲ.

ಮೇಷ್ಟ್ರು ತಮ್ಮ ಕಂತು ಸೇರಿಸಿದರು. 1990ರಲ್ಲಿ ಗೋರ್ಬಚೆವ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಧಿಕಾರ ಹೋದ ಮೇಲೆ ಪಿಜ್ಜಾ ಹಟ್ ಜಾಹೀರಾತಿನಲ್ಲಿ ಬಂದು ಕೂತರು. "ಕೆಲಸ ಮುಗಿಸಿಕೊಟ್ಟಿದ್ದಕ್ಕೆ ಪೆನ್ಷನ್ ಅದು!" ಒಂದು ಮಹಾಶಕ್ತಿಯನ್ನೇ ಒಪ್ಪಿಸಿಕೊಟ್ಟವರಿಗೆ ಅಮೆರಿಕ ಕೊಟ್ಟಿದ್ದು ಪಿಜ್ಜಾನಾ ಅಂತ ನಾನು ಕೇಳಿದೆ. ನಮ್ಮ ಕಡೆ ಪಂಚಾಯಿತಿ ಸದಸ್ಯನೊಬ್ಬ ಬಣ ಬದಲಾಯಿಸಬೇಕಾದರೂ ರೆಸಾರ್ಟ್ ಬೇಕು, ಕರೆದೊಯ್ಯಲು ಇನ್ನೋವಾ ಬೇಕು.

ಇನ್ನು ಟ್ರಂಪ್ ಕೇಸು. ಅವರು 1987ರಲ್ಲಿ ಮಾಸ್ಕೋಗೆ ಹೋಗಿದ್ದರು, ಹೋಟೆಲ್ ಕಟ್ಟುವ ಆಸೆಯಿಂದ. ಅಲ್ಲೇ ಗಾಳಕ್ಕೆ ಬಿದ್ದರು, 'ಕ್ರಾಸ್ನೋವ್' ಅಂತ ಗುಪ್ತ ಹೆಸರೂ ಸಿಕ್ಕಿತು ಅಂತ ಕಜಾಕಿಸ್ತಾನದ ಮಾಜಿ ಗುಪ್ತಚರ ಅಧಿಕಾರಿಯೊಬ್ಬರು 2025ರಲ್ಲಿ ಫೇಸ್‌ಬುಕ್‌ನಲ್ಲಿ ಬರೆದರು. ದಾಖಲೆ? ಫೇಸ್‌ಬುಕ್ಕೇ ದಾಖಲೆ. 2016ರಲ್ಲಿ ಟ್ರಂಪ್ ಗೆದ್ದ ಸುದ್ದಿ ಬಂದಾಗ ರಷ್ಯಾದ ಸಂಸತ್ತಿನಲ್ಲಿ ಚಪ್ಪಾಳೆ ಬಿತ್ತು. ಚುನಾವಣೆಯಲ್ಲಿ ರಷ್ಯಾ ಕೈಯಾಡಿಸಿದ್ದು ಹೌದು, ಆದರೆ ಟ್ರಂಪ್ ಬಳಗ ಅದರ ಜೊತೆ ಸೇರಿ ಸಂಚು ಮಾಡಿತು ಅನ್ನುವುದು ಸಾಬೀತಾಗಲಿಲ್ಲ ಅಂತ ಅಮೆರಿಕದ ವಿಶೇಷ ತನಿಖಾಧಿಕಾರಿ ಮುಲ್ಲರ್ ಅವರ ವರದಿ 2019ರಲ್ಲಿ ಹೇಳಿತು. ಮೂಲೆ ಟೇಬಲ್ಲಿಗೆ ಈ ವಾಕ್ಯದ ಮೊದಲರ್ಧ ಮಾತ್ರ ತಲುಪಿದೆ.

ನಾನು ಸುಮ್ನೆ ಇರದೆ ಒಂದು ತಕರಾರು ಎತ್ತಿದೆ. 2025ರ ಆಗಸ್ಟಿನಲ್ಲಿ ಇದೇ ಟ್ರಂಪ್ ನಮ್ಮ ಸರಕಿನ ಮೇಲೆ 50% ಸುಂಕ ಹಾಕಿದರು. ಅದರಲ್ಲಿ ಅರ್ಧ, ನಾವು ರಷ್ಯಾದ ತೈಲ ಕೊಂಡಿದ್ದಕ್ಕೆ ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಯಿತು, ರಷ್ಯಾದ ಏಜೆಂಟ್ ರಷ್ಯಾದ ಗಿರಾಕಿಗೇ ಯಾಕೆ ಬರೆ ಹಾಕುತ್ತಾರೆ?

ಗೌಡ್ರು ನನ್ನನ್ನು ಎಳೆ ಮಗುವಿನಂತೆ ನೋಡಿದರು. "ಅನುಮಾನ ಬರಬಾರದು ಅಂತ ಕಣ್ರೀ."

ನವೆಂಬರಿನಲ್ಲಿ ಕಾಫಿ ಮೇಲಿನ ಸುಂಕ ತೆಗೆದರಲ್ಲ?

"ಅದೂ ಅದಕ್ಕೇ."

ಈ ತರ್ಕವನ್ನು ಕಂಡುಹಿಡಿದವರು ನಮ್ಮ ಗೌಡ್ರಲ್ಲ. ಸಂಬಳ ತಗೊಂಡು ಇದನ್ನೇ ಮಾಡಿದವರಿದ್ದರು. ಸಿಐಎಯಲ್ಲಿ ಬೇಹುಗಾರರನ್ನು ಹಿಡಿಯುವ ವಿಭಾಗದ ಮುಖ್ಯಸ್ಥ ಜೇಮ್ಸ್ ಆಂಗಲ್‌ಟನ್. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯಿಂದ ಓಡಿಬಂದ ಗೊಲಿಟ್ಸಿನ್ ಎಂಬಾತನ ಮಾತು ಕೇಳಿ, ಚೀನಾ ಮತ್ತು ರಷ್ಯಾ ಜಗಳವಾಡುತ್ತಿರುವುದೇ ನಾಟಕ ಅಂತ ನಂಬಿ ಕೂತರು. 1969ರಲ್ಲಿ ಆ ಎರಡು ದೇಶಗಳ ಸೈನಿಕರು ಉಸ್ಸುರಿ ನದಿಯ ಮೇಲೆ ಗುಂಡು ಹಾರಿಸಿಕೊಂಡು ಸತ್ತರು. ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮೇಲೂ ಇವರಿಗೆ ಗುಮಾನಿ. ಕೊನೆಗೆ ತಮ್ಮದೇ ಕಚೇರಿಯಲ್ಲಿ ಹುಳು ಹುಡುಕಿ ಹುಡುಕಿ, ಒಳ್ಳೆಯ ನೌಕರರನ್ನೆಲ್ಲ ಅನುಮಾನಿಸಿ, 1974ರಲ್ಲಿ ಮನೆಗೆ ಹೋದರು. ಮೂಲೆ ಟೇಬಲ್ಲೇ ವಾಸಿ. ಇಲ್ಲಿ ಖರ್ಚು ಮೂರು ಕಾಫಿ, ಒಂದು ಪ್ಲೇಟ್ ಬೋಂಡ.

ಇದೇ ಸಿಐಎ ಮನೆ ಪಕ್ಕದ ಕ್ಯಾಸ್ಟ್ರೋ ಅವರನ್ನು ಮುಗಿಸಲು ಕನಿಷ್ಠ ಎಂಟು ಸಂಚು ಮಾಡಿತ್ತು ಅಂತ ಅಮೆರಿಕದ ಸೆನೆಟ್ ಸಮಿತಿಯೇ 1975ರಲ್ಲಿ ಹೇಳಿದೆ. ವಿಷ ಹಾಕಿದ ಸಿಗಾರ್ ಕೂಡ ತಯಾರಾಗಿತ್ತು. ಕ್ಯಾಸ್ಟ್ರೋ 2016ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಂತ ಒಬ್ಬರ ನಾಯಕನನ್ನು ಇನ್ನೊಬ್ಬರು ಕಳಿಸಿದ್ದೇ ಇಲ್ಲ ಅಂತಲ್ಲ. 1917ರಲ್ಲಿ ಜರ್ಮನಿಯವರು ಲೆನಿನ್ ಅವರನ್ನು ರೈಲಿನಲ್ಲಿ ಕೂರಿಸಿ, ತಮ್ಮ ನೆಲ ದಾಟಿಸಿ, ರಷ್ಯಾ ಕಡೆಗೆ ಕಳಿಸಿದ್ದು ನಿಜ. ರಷ್ಯಾ ಯುದ್ಧ ಬಿಟ್ಟಿತು. ಟಿಕೆಟ್ ದುಡ್ಡು ವಸೂಲಾಯಿತು ಅಂತ ಬರ್ಲಿನ್ ಖುಷಿಪಟ್ಟಿರಬೇಕು. 1918ರ ನವೆಂಬರಿಗೆ ಜರ್ಮನಿಯ ಕೈಸರ್ ಹಾಲೆಂಡಿಗೆ ಓಡಿಹೋದರು. 1945ರಲ್ಲಿ ಅದೇ ಲೆನಿನ್ ಬಾವುಟ ಹಿಡಿದವರು ಬರ್ಲಿನ್ನಿಗೇ ಬಂದರು.

ಇಷ್ಟೆಲ್ಲ ಆದ ಮೇಲೂ ಗೌಡ್ರು ಜಗ್ಗಲಿಲ್ಲ. ನಾಯಕ ಅಂದರೆ ಕಾಫಿ ಗಿಡ ಇದ್ದ ಹಾಗೆ ಅಂದರು. ಹೊರಗಿನಿಂದ ನೋಡಿದರೆ ಚೆನ್ನಾಗೇ ಇರುತ್ತೆ, ಒಳಗೆ ಕಾಂಡಕೊರಕ ಸೇರಿರುತ್ತೆ. ಎಲೆ ಹಳದಿಯಾಯಿತೋ, ಬುಡದಲ್ಲಿ ಹುಳು ಇದೆ ಅಂತಲೇ ಲೆಕ್ಕ. ಕಿತ್ತು ಸುಡಬೇಕು. ಗೊಬ್ಬರ ಹಾಕದೇ ಇದ್ದರೂ ಎಲೆ ಹಳದಿಯಾಗುತ್ತೆ ಅಲ್ವಾ ಅಂದೆ. ಅಷ್ಟು ಹೊತ್ತಿನಲ್ಲಿ ನನ್ನ ಮಾತಿಗೆ ತಲೆಯಾಡಿಸಿದವರು ಒಬ್ಬರೇ, ಗೊಬ್ಬರದ ಏಜೆಂಟರು.

ತಲೆಯಾಡಿಸಿದ ತಪ್ಪಿಗೆ ಅವರೇ ಹಾಸನದ ಕಂತು ಬಿಚ್ಚಬೇಕಾಯಿತು. ದೇವೇಗೌಡ್ರು 1996ರ ಜೂನ್ 1ರಂದು ಪ್ರಧಾನಿಯಾದರು. ಮುಂದಿನ ತಿಂಗಳೇ ರಷ್ಯಾದಲ್ಲಿ ಯೆಲ್ಟ್ಸಿನ್ ಮತ್ತೆ ಗೆದ್ದರು. ಅವರ ಪ್ರಚಾರಕ್ಕೆ ಅಮೆರಿಕದ ಸಲಹೆಗಾರರು ಹೋಗಿದ್ದರು, ಅದು ಅಮೆರಿಕದ ಪತ್ರಿಕೆಯ ಮುಖಪುಟದಲ್ಲೇ ಬಂತು. 1997ರ ಮಾರ್ಚಿನಲ್ಲಿ ದೇವೇಗೌಡ್ರು ಮಾಸ್ಕೋಗೆ ಹೋಗಿ ಬಂದರು. ಮಾರ್ಚ್ 30ಕ್ಕೆ ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ ಕೇಸರಿ ಬೆಂಬಲ ವಾಪಸ್ ತಗೊಂಡರು. "ನೋಡಿ, ಕೊಂಡಿ ಹೇಗೆ ಕೂರುತ್ತೆ!" ಇವರ ಪ್ರಕಾರ ಹೊಳೆನರಸೀಪುರದ ಮೇಲೆ ವಾಷಿಂಗ್ಟನ್‌ಗೆ ಹಳೇ ದ್ವೇಷ ಇತ್ತು.

ಇದು ಕಾಂಗ್ರೆಸ್ಸಿನ ಸಾಮರ್ಥ್ಯಕ್ಕೆ ಮಾಡಿದ ಅವಮಾನ ಅಂತ ನನಗನ್ನಿಸುತ್ತದೆ. 1979ರಲ್ಲಿ ಚರಣ್ ಸಿಂಗ್, 1991ರಲ್ಲಿ ಚಂದ್ರಶೇಖರ್. ಬೆಂಬಲ ಕೊಟ್ಟು ಕಾಲೆಳೆಯುವ ವಿದ್ಯೆಯನ್ನು ಅವರಿಗೆ ಹೊರಗಿನವರು ಬಂದು ಕಲಿಸಬೇಕಿತ್ತಾ?

ಆಗ ಮೇಷ್ಟ್ರಿಗೆ ಐ.ಜಿ. ರಸ್ತೆಯ ಐ.ಜಿ. ನೆನಪಾದರು. ಎಲ್ಲದರಲ್ಲೂ ವಿದೇಶಿ ಕೈವಾಡ ಕಾಣುತ್ತಿದ್ದ ಇಂದಿರಾ ಗಾಂಧಿ, 1978ರ ನವೆಂಬರಿನಲ್ಲಿ ಇದೇ ಚಿಕ್ಕಮಗಳೂರಿನಿಂದ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು. ಹಾಗಾದರೆ ಅವರನ್ನು ಇಲ್ಲಿಗೆ ಕಳಿಸಿದ್ದು ಮಾಸ್ಕೋನಾ? ನಾನು ಆಸೆಯಿಂದ ಕೇಳಿದೆ.

ಗೌಡ್ರಿಗೆ ಸಿಟ್ಟು ಬಂತು. "ಏನ್ರೀ ಮಾತಾಡ್ತೀರಿ? ನಮ್ಮ ತೋಟದ ಲೈನಿನವರೆಲ್ಲ ಮನಸಾರೆ ಹಾಕಿದ ವೋಟು ಅದು. ಅದು ಪ್ರಜಾಪ್ರಭುತ್ವ."

ಅಮೆರಿಕದವರು ಹಾಕಿದ್ದು?

"ಅದು ಸಂಚು."

ಸರಿ, ದೊಡ್ಡವರ ವಿಷಯ ಬಿಡಿ, ನಿಮ್ಮ ತೋಟದ ರಸ್ತೆಗೆ ಈ ಸಲವೂ ಡಾಂಬರು ಬೀಳಲಿಲ್ಲವಲ್ಲ ಅಂದೆ. ಗೌಡ್ರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. ಅವರ ಊರಿನ ಪಂಚಾಯಿತಿ ಸದಸ್ಯ ಇದ್ದಾನಲ್ಲ, ಅವನು ಪಕ್ಕದ ಊರಿನವರು ಬಿಟ್ಟ ಜನವಂತೆ. ಜಾತ್ರೆಯ ಕಬಡ್ಡಿಯಲ್ಲಿ ಸೋತ ಸೇಡಂತೆ. ಇಡೀ ಊರು ಹಾಳು ಮಾಡೋಕೆ ಅಂತಲೇ ಗೆಲ್ಲಿಸಿದ್ದಂತೆ.

"ಆದ್ರೆ ಗೌಡ್ರೇ, ಅವನ ಪರವಾಗಿ ಮನೆಮನೆಗೆ ಹೋಗಿ ವೋಟು ಕೇಳಿದ್ದು ನೀವೇ ಅಲ್ವಾ?"

"ಕೇಳಿದ್ದು ನಾನೇ ಕಣ್ರೀ," ಅಂದರು ಗೌಡ್ರು. "ಕೇಳಿಸಿದ್ದು ಅವರು."