ಟಿಸಿ ಸುಡುವ ಮುಂಚೆ ಕಾರಿಗೆ ‘ಸ್ವಲ್ಪ ತಡಿ’ ಅನ್ನಿ

ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮಣ್ಣನ ಅಪಾರ್ಟ್‌ಮೆಂಟ್ ಇದೆ. ಅಲ್ಲಿನ ಸಭೆಯಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ಸಾಕು, ಒಂದೇ ಪ್ರಶ್ನೆ: "ನಾಳೆ ಟಿಸಿ ಸುಟ್ಟರ ಯಾರ್ ಜವಾಬ್ದಾರ್ರಿ?" ಟಿಸಿ ಅಂದರೆ ಕರೆಂಟ್ ಹಂಚುವ ಟ್ರಾನ್ಸ್‌ಫಾರ್ಮರ್. ಸ್ಕೂಟರ್‌ಗೆ ಯಾರ ತಕರಾರೂ ಇಲ್ಲ. ಕಾರಿನ ಹೆದರಿಕೆ ಸುಳ್ಳೂ ಅಲ್ಲ. 32 ಆಂಪಿಯರ್‌ನ ಒಂದು ಚಾರ್ಜರ್ 7 ಕಿಲೋವ್ಯಾಟ್ ದಾಟುತ್ತದೆ. ಅಂಥ ಐದು ಒಟ್ಟಿಗೆ ಓಡಿದರೆ ಹತ್ತಿರಹತ್ತಿರ 37.

ಆದರೆ ಐದೂ ಒಟ್ಟಿಗೆ ಪೂರ್ತಿ ಜೋರಲ್ಲಿ ಯಾಕೆ ಓಡಬೇಕು?

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಅಡುಗೆಯೂ ಕರೆಂಟ್ ಒಲೆಯ ಮೇಲೇ. ಹಾಗಾಗಿ ಸಂಜೆ ಲೋಡ್ ಏರುತ್ತದೆ. ಮೇನ್ ಲೈನಿಗೆ ಹಾಕಿದ ಸೆನ್ಸರ್ ಅದನ್ನು ನೋಡುತ್ತಿರುತ್ತದೆ. ಮನೆಯ ಬಳಕೆ ಏರಿದಂತೆ ಚಾರ್ಜರ್ ಕಾರಿಗೆ ‘16 ಬೇಡ, 10 ಆಂಪಿಯರ್ ತಗೋ’ ಎಂಬ ಸಿಗ್ನಲ್ ಕೊಡುತ್ತದೆ. ಕಾರು ಸುಮ್ನೆ ಕೇಳುತ್ತದೆ. 6 ಆಂಪಿಯರ್‌ಗಿಂತ ಕೆಳಗೆ ಇಳಿಸುವಂತಿಲ್ಲ. ಅಷ್ಟೂ ಇಲ್ಲ ಅಂದರೆ ಚಾರ್ಜಿಂಗ್ ನಿಲ್ಲುತ್ತದೆ, ಆಮೇಲೆ ತಾನೇ ಶುರುವಾಗುತ್ತದೆ.

2024ರ ಜನವರಿಯಿಂದ ಇಲ್ಲಿ ಇನ್ನೊಂದು ನಿಯಮವೂ ಬಂದಿದೆ. ಓಣಿಯ ಲೈನ್ ತೀರಾ ಬಿಸಿಯಾದರೆ ಕರೆಂಟ್ ಕಂಪನಿಯವರು ಹೊಸದಾಗಿ ಹಾಕಿದ ಚಾರ್ಜರನ್ನು 4.2 ಕಿಲೋವ್ಯಾಟ್‌ಗೆ ಇಳಿಸಬಹುದು. ಪೂರ್ತಿ ಕಡಿಯುವ ಹಾಗಿಲ್ಲ. ಮನೆಯ ದೀಪ, ಫ್ರಿಜ್ ಮುಟ್ಟುವ ಹಾಗೂ ಇಲ್ಲ. ಬದಲಿಗೆ ಗ್ರಾಹಕನಿಗೆ ಲೈನ್ ಬಾಡಿಗೆಯಲ್ಲಿ ರಿಯಾಯಿತಿ. ನನಗೆ ತುಂಬ ಹಿಡಿಸಿದ್ದು ಇದೇ. ನಮ್ಮಲ್ಲಿ ಲೋಡ್ ಜಾಸ್ತಿಯಾದರೆ ಇಡೀ ಫೀಡರ್ ಆಫ್, ಓಣಿಯೆಲ್ಲ ಕತ್ತಲು.

ಈಗ ಅಣ್ಣನ ಬೇಸ್‌ಮೆಂಟಿನ ಲೆಕ್ಕ ಹಾಕಿ. ಐದು ಕಾರಿಗೂ ಸೇರಿಸಿ 11 ಕಿಲೋವ್ಯಾಟ್ ಅಷ್ಟೇ ಕೊಟ್ಟೆವು ಅನ್ನೋಣ. ರಾತ್ರಿ ಹತ್ತು ತಾಸಿಗೆ 110 ಯೂನಿಟ್, ತಲಾ 22. ನೂರು ಕಿಲೋಮೀಟರ್ ಓಡಲು ಇಷ್ಟು ಧಾರಾಳ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದರೂ ನಲವತ್ತು ಚಿಲ್ಲರೆ ಕಿಲೋಮೀಟರ್ ಅಲ್ವಾ? 37ಕ್ಕೆ ತಕ್ಕ ಟಿಸಿ ಬೇಕೆಂದು ಜಗಳಾಡುವುದು ಯಾತಕ್ಕೆ?

ಇದೆಲ್ಲ ಫಾರಿನ್ ಬುದ್ಧಿ ಅನ್ನುವವರು ಒಮ್ಮೆ ಹಾವೇರಿ, ಗದಗ ಕಡೆ ಹೊಲದ ಪಂಪ್‌ಸೆಟ್ ನೋಡಲಿ. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಆಟೋ ಸ್ಟಾರ್ಟರ್ ತಾನೇ ಮೋಟರ್ ಎಬ್ಬಿಸುತ್ತದೆ. ರೈತ ಮನೆಯಲ್ಲಿ ಮಲಗಿರುತ್ತಾನೆ. ಕರೆಂಟ್ ಇದ್ದಾಗ ಎಳೆದುಕೊಳ್ಳುವುದು ನಮ್ಮವರಿಗೆ ಹಳೇ ವಿದ್ಯೆ. ಪಂಚಾಯ್ತಿ ಬರುವುದು ಎಲ್ಲ ಮೋಟರೂ ಒಂದೇ ಕ್ಷಣಕ್ಕೆ ಎದ್ದಾಗ. ವೋಲ್ಟೇಜ್ ದಬಕ್ಕನೆ ಬೀಳುತ್ತದೆ. ಕಾರುಗಳೂ ಹೀಗೇ ಮಾಡಬಾರದು ಅಂತ ಬ್ರಿಟನ್‌ನವರು 2022ರಲ್ಲಿ ಒಂದು ಕಾನೂನು ಜಾರಿಗೆ ತಂದರು. ಮನೆಯ ಹೊಸ ಚಾರ್ಜರ್‌ಗಳು ಒಟ್ಟಿಗೆ ಶುರುವಾಗದಂತೆ ಒಂದೊಂದೂ ಹತ್ತು ನಿಮಿಷದೊಳಗೆ ಹಿಂದುಮುಂದಾಗಿ ಏಳಬೇಕು.

ಹಾಗಂತ ಇಲ್ಲಿನದೆಲ್ಲ ಅಲ್ಲಿಗೆ ಒಗ್ಗುವುದಿಲ್ಲ. ಸ್ಟುಟ್‌ಗಾರ್ಟ್‌ನ ಚಳಿಗಾಲದಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ. ನಮ್ಮಲ್ಲಿ ನಡುಮಧ್ಯಾಹ್ನ ಸೋಲಾರ್ ಕರೆಂಟ್ ಭರ್ಜರಿಯಾಗಿ ಸಿಗುತ್ತದೆ, ಸಂಜೆ ಎಳೆದಾಟ. ಬಿಸಿಲಿನ ಹೊತ್ತಿಗೆ ದರ ಕಡಿಮೆ, ಪೀಕ್ ಹೊತ್ತಿಗೆ ಜಾಸ್ತಿ ಇರಲಿ ಅಂತ ಕೇಂದ್ರ ಸರ್ಕಾರ 2023ರಲ್ಲೇ ನಿಯಮ ಮಾಡಿದೆ. ನಮ್ಮ ವೈನಿ ಇದನ್ನು ಕೇಳಿ, "ಮಧ್ಯಾಹ್ನ ಕಾರು ಮನಿಯಾಗ ಎಲ್ಲಿರ್ತದೋ, ನಿಮ್ಮಣ್ಣ ಆಫೀಸಿಗೆ ಒಯ್ದಿರ್ತಾನಲ್ಲ" ಅಂದರು. ಖರೇನೇ. ಹಾಗಾದರೆ ಹುಬ್ಬಳ್ಳಿ-ಧಾರವಾಡದ ಕಚೇರಿ, ಬ್ಯಾಂಕು, ಕಾಲೇಜುಗಳ ಪಾರ್ಕಿಂಗ್‌ನಲ್ಲೇ ಪಾಯಿಂಟ್ ಬರಲಿ. ಜೋರಿನವು ಬೇಡ, 3.3 ಕಿಲೋವ್ಯಾಟ್‌ನವು ಸಾಕು. ಬೆಳಗ್ಗೆ ಹತ್ತಕ್ಕೆ ಸಿಕ್ಕಿಸಿದರೆ ಸಂಜೆ ಐದರೊಳಗೆ 20 ಯೂನಿಟ್ ದಾಟಿರುತ್ತದೆ, ಅಪಾರ್ಟ್‌ಮೆಂಟಿನ ಟಿಸಿಗೆ ಅದರ ಸುದ್ದಿಯೂ ಇರುವುದಿಲ್ಲ.