ಜೂನ್ 21ಕ್ಕೆ ಶುರುವಾಗಿ ಆಷಾಢದಲ್ಲಿ ನಿಲ್ಲುವ ಯೋಗ

ಯೋಗ ದಿನಕ್ಕೆ ಹೊಸ ಮ್ಯಾಟ್ ಕೊಂಡು ಅಭ್ಯಾಸ ಶುರು ಮಾಡುವವರು ಬಹಳ ಮಂದಿ. ಜಡಿಮಳೆ ಹಿಡಿಯುವ ಹೊತ್ತಿಗೆ ಆ ಮ್ಯಾಟು ಮೂಲೆ ಸೇರಿರುತ್ತದೆ. ನನಗೆ ಶಿಸ್ತಿಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಪಾಪ, ಅವರ ತಪ್ಪಲ್ಲ. ಲೆಕ್ಕ ತಪ್ಪಿರುವುದು ಋತುವಿನದು.

ಹಠಯೋಗದ ಹಳೆಯ ಗ್ರಂಥ ಘೇರಂಡ ಸಂಹಿತೆಯ ಐದನೇ ಅಧ್ಯಾಯದಲ್ಲಿ ಇದು ಸ್ಪಷ್ಟವಾಗಿದೆ. ಹೇಮಂತ, ಶಿಶಿರ, ಗ್ರೀಷ್ಮ, ವರ್ಷ ಋತುಗಳಲ್ಲಿ ಯೋಗಾರಂಭ ಬೇಡ, ಮಾಡಿದರೆ ರೋಗ. ವಸಂತದಲ್ಲೋ ಶರತ್ಕಾಲದಲ್ಲೋ ಶುರು ಮಾಡಬೇಕು. ಜೂನ್ 21 ಪಂಚಾಂಗದ ಪ್ರಕಾರ ಗ್ರೀಷ್ಮ, ಕಿಟಕಿಯಾಚೆ ನೋಡಿದರೆ ಮಳೆಗಾಲ. ಎರಡಕ್ಕೂ ನಿಷೇಧವೇ. ಆದರೆ ಒಂದು ಮಾತು ಗಮನಿಸಿ. ಅದು ಪ್ರಾಣಾಯಾಮದ ಅಧ್ಯಾಯ, ಬೇಡ ಅಂದಿರುವುದೂ ಆರಂಭವನ್ನು. ಈಗಾಗಲೇ ಮಾಡುತ್ತಿರುವವರು ನಿಲ್ಲಿಸಬೇಕು ಅಂತ ಎಲ್ಲೂ ಇಲ್ಲ.

ಹಾಗಾದರೆ ಮಳೆಗಾಲಕ್ಕೆ ಏನು? ಹೊತ್ತು, ಜಾಗ ಹಾಗೇ ಇರಲಿ, ಪ್ರಮಾಣ ಇಳಿಸಿ. ಅಭ್ಯಾಸ ಗಟ್ಟಿಯಾಗಲು ಪತಂಜಲಿ ಕೇಳುವುದು ಮೂರೇ: ದೀರ್ಘಕಾಲ, ನಿರಂತರತೆ, ಆದರ. 'ಹೆಚ್ಚು ಮಾಡು' ಅನ್ನುವ ಮಾತೇ ಅಲ್ಲಿಲ್ಲ. ಆಯುರ್ವೇದದ ಗ್ರಂಥ ಅಷ್ಟಾಂಗಹೃದಯವೂ ಚಳಿಗಾಲ ಮತ್ತು ವಸಂತದಲ್ಲಿ, ಅದೂ ಬಲಶಾಲಿಗಳಿಗೆ, ಅರ್ಧ ಶಕ್ತಿಯ ವ್ಯಾಯಾಮ ಹೇಳಿ, ಮಿಕ್ಕ ಕಾಲದಲ್ಲಿ ಇನ್ನೂ ಕಡಿಮೆ ಅನ್ನುತ್ತದೆ. ಚಳಿಯಲ್ಲಿ 12 ಸೂರ್ಯನಮಸ್ಕಾರ ಹಾಕುವವರು ಈಗ 4 ಹಾಕಿ, ಒಂದೊಂದು ಸ್ಥಿತಿಯಲ್ಲಿ 3 ಉಸಿರು ನಿಲ್ಲಿ. ಬೆಳಗಿನ ಥಂಡಿಗೆ ಸೊಂಟ, ಮಂಡಿ ಬಿಗಿದಿರುತ್ತವೆ. 5 ನಿಮಿಷ ಕೀಲು ಸಡಿಲಿಸದೆ ನೇರ ಪಶ್ಚಿಮೋತ್ತಾನಾಸನಕ್ಕೆ, ಅಂದರೆ ಕಾಲು ಚಾಚಿ ಕೂತು ಮುಂದಕ್ಕೆ, ಬಗ್ಗಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ನೆಲ ತಣ್ಣಗಿದ್ದರೆ ಮ್ಯಾಟಿನ ಕೆಳಗೆ ಜಮಖಾನ ಹಾಸಿ.

ಎಡವಟ್ಟಾಗುವುದು ಹೆಚ್ಚಾಗಿ ಉಸಿರಿನ ವಿಷಯದಲ್ಲಿ. ಬೇಸಿಗೆಯಲ್ಲಿ ಕಲಿತ ಶೀತಲಿಯನ್ನು, ಅಂದರೆ ಮೈ ತಂಪು ಮಾಡುವ ಪ್ರಾಣಾಯಾಮವನ್ನು, ಮಳೆಗಾಲದಲ್ಲೂ ಮುಂದುವರಿಸುತ್ತಾರೆ. ನಾಲಿಗೆಯನ್ನು ಕೊಳವೆ ಮಾಡಿ ಬಾಯಿಂದ ಎಳೆದುಕೊಂಡ ಗಾಳಿಯನ್ನು ಮೂಗು ಸೋಸಿರುವುದಿಲ್ಲ, ಬೆಚ್ಚಗೂ ಮಾಡಿರುವುದಿಲ್ಲ. ಥಂಡಿ ಸೀದಾ ಗಂಟಲಿಗೆ ಇಳಿಯುತ್ತದೆ. ಕೆಮ್ಮು, ಆಸ್ತಮಾ ಇದ್ದವರಿಗಂತೂ ಅದು ಬೇಡವೇ ಬೇಡ. ಏಪ್ರಿಲ್, ಮೇ ಬಿಸಿಲಿಗೆ ಇಟ್ಟುಕೊಳ್ಳಿ, ಆಗಲೂ 8–10 ಸಲ ಸಾಕು.

ಕಫ ಕಟ್ಟುವ ಈ ದಿನಗಳಿಗೆ ಕಪಾಲಭಾತಿ ಒಳ್ಳೆಯದು. ಹಠಯೋಗ ಪ್ರದೀಪಿಕೆ ಅದನ್ನು ಷಟ್ಕರ್ಮಗಳಲ್ಲಿ, ಅಂದರೆ ಶುದ್ಧಿಕ್ರಿಯೆಗಳಲ್ಲಿ ಸೇರಿಸಿದೆ. ಖಾಲಿ ಹೊಟ್ಟೆಯಲ್ಲಿ ಒಂದು ಸುತ್ತಿಗೆ 20ರಂತೆ 3 ಸುತ್ತು, ನಡುವೆ 1 ನಿಮಿಷ ಬಿಡುವು. ಹೊಟ್ಟೆ ಒಳಕ್ಕೆ ಜಗ್ಗಿದಾಗ ಉಸಿರು ಹೊರಕ್ಕೆ. ಸಡಿಲ ಬಿಟ್ಟಾಗ ಅದು ತಾನಾಗಿ ಒಳಕ್ಕೆ. ಒಳಕ್ಕೂ ಜೋರಾಗಿ ಎಳೆಯುವವರ ಭುಜ ಕುಣಿಯುತ್ತದೆ, ತಪ್ಪಿನ ಗುರುತು ಅದೇ. ತಲೆ ಸುತ್ತಿದರೆ ಶಕ್ತಿ ಏಳುತ್ತಿದೆ ಅಂದುಕೊಳ್ಳಬೇಡಿ. ಅತಿ ಉಸಿರಾಟದಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಿರುತ್ತದೆ, ಅಷ್ಟೇ. ನಿಲ್ಲಿಸಿ ಸುಮ್ಮನೆ ಕೂತುಕೊಳ್ಳಿ. ಬಿಪಿ, ಹೃದ್ರೋಗ, ಹರ್ನಿಯಾ ಇರುವವರು ಮತ್ತು ಬಸುರಿಯರು ಇದನ್ನು ಮಾಡಲೇಬಾರದು.

ಊಟದ್ದೂ ಇದೇ ಲೆಕ್ಕ. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಗಾಳಿಗೆ. ಮಳೆಗಾಲದಲ್ಲಿ ಜಠರಾಗ್ನಿ ಮಂದ ಅನ್ನುತ್ತದೆ ಆಯುರ್ವೇದ. ಸಂಜೆ ಬಜ್ಜಿ ತಿಂದ ದಿನ ರಾತ್ರಿಗೆ ತಿಳಿಸಾರು ಅನ್ನ ಸಾಕು. ಎರಡೂ ಗಡದ್ದಾದರೆ ಮರುದಿನ ಮುಂದಕ್ಕೆ ಬಗ್ಗುವ ಆಸನ ಯಾವುದೂ ಬರುವುದಿಲ್ಲ.

ನಿಜವಾದ ಆರಂಭಕ್ಕೆ ಕಾಯಬೇಕಾದದ್ದು ಶರತ್ಕಾಲವನ್ನು. ಮುಗಿಯುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ ಸೇರಿ ಋತುಸಂಧಿ. ಈ ಅವಧಿಯಲ್ಲಿ ಹಳೆಯ ಕ್ರಮ ಮೆಲ್ಲಗೆ ಬಿಡುತ್ತ ಹೊಸದನ್ನು ಮೆಲ್ಲಗೆ ಹಿಡಿಯಬೇಕು, ದಿಢೀರನೆ ಬದಲಿಸಿದರೆ ಮೈಗೆ ಒಗ್ಗುವುದಿಲ್ಲ. ವರ್ಷ ಮುಗಿದು ಶರತ್ತು ಬರುವ ಸಂಧಿ ನಮ್ಮ ಪಂಚಾಂಗದಲ್ಲಿ ಮಹಾಲಯ ಅಮಾವಾಸ್ಯೆಯ ಹಿಂದಿನ ವಾರ ಮತ್ತು ನವರಾತ್ರಿಯ ಮೊದಲ ವಾರ. ಆಗ 4 ದಿನಕ್ಕೊಂದು ನಮಸ್ಕಾರ ಏರಿಸಿ, 7ಕ್ಕೆ ನಿಲ್ಲಿಸಿ. ನವರಾತ್ರಿಯ ಪಾಡ್ಯದಂದು ನಾಡಿಶೋಧನ, ಅಂದರೆ ಮೂಗಿನ ಹೊಳ್ಳೆ ಬದಲಿಸುತ್ತ ಉಸಿರಾಡುವ ಪ್ರಾಣಾಯಾಮ, ಶುರು ಮಾಡಿ, ಉಸಿರು ಹಿಡಿದಿಡದೆ, ದಿನಕ್ಕೆ 5 ನಿಮಿಷ. ಮಿಕ್ಕ 5 ನಮಸ್ಕಾರ ಕಾರ್ತಿಕ ಕಳೆದು ಚಳಿ ಹಿಡಿದ ಮೇಲೆ.