‘ಅಂದ ನಾಳ್’: ಹಾಡಿಲ್ಲದ ಸಿನಿಮಾ ಅಂದರೆ ಸಾಲದು

1954ರ ‘ಅಂದ ನಾಳ್’ ಬಗ್ಗೆ ಯಾರೇ ಬರೆಯಲಿ, ಎರಡು ಮಾತು ತಪ್ಪದೇ ಬರುತ್ತವೆ. ಒಂದು, ತಮಿಳಿನ ಮೊದಲ ಹಾಡಿಲ್ಲದ ಚಿತ್ರ. ಇನ್ನೊಂದು, ಅಕಿರಾ ಕುರೊಸಾವಾ ಅವರ ಜಪಾನಿ ಚಿತ್ರಕ್ಕೆ ಹೋಲಿಸಿ, ತಮಿಳಿನ ‘ರಾಶೊಮೊನ್’. ಮೊದಲನೆಯದು ನಿಜ. ಎರಡನೆಯದು ಅರ್ಧ ಮಾತ್ರ ನಿಜ, ಮತ್ತು ಆ ಅರ್ಧಸತ್ಯದ ಹಿಂದೆ ಚಿತ್ರದ ಅಸಲಿ ಕಸುಬು ಮರೆಯಾಗಿಹೋಗಿದೆ ಅನ್ನುವುದು ನನ್ನ ತಕರಾರು. ಇದು ಕುಟುಂಬ ಮತ್ತು ನ್ಯಾಯದ ನಡುವಿನ ಜಗಳದ ಸಿನಿಮಾ. ಹಾಗೆ ನೋಡಿದರೆ ಮಾತ್ರ ಅದರ ಒಂದೊಂದು ದೃಶ್ಯವೂ ಯಾಕೆ ಅಲ್ಲಿದೆ ಅಂತ ಗೊತ್ತಾಗುತ್ತದೆ.

(ಕೊಲೆ ಮಾಡಿದ್ದು ಯಾರು ಅನ್ನುವುದು ಕೆಳಗೆ ಬರುತ್ತದೆ. ಚಿತ್ರ ನೋಡದವರು ಮೊದಲು ನೋಡಿ ಬನ್ನಿ. ಎರಡು ಗಂಟೆ ಹತ್ತು ನಿಮಿಷದ ಚಿತ್ರ, ಕನ್ನಡದ ಕಿವಿಗೆ ತಮಿಳು ಅಷ್ಟೇನೂ ಕಷ್ಟವಾಗುವುದಿಲ್ಲ.)

ಕಥೆ ನಡೆಯುವುದು 1943ರ ಅಕ್ಟೋಬರ್‌ನಲ್ಲಿ, ಮದ್ರಾಸಿನ ಮೇಲೆ ಜಪಾನಿನ ವಿಮಾನ ಬಾಂಬ್ ಹಾಕಿದ ಹೊತ್ತಿನಲ್ಲಿ. ಬಾಂಬ್ ಬಿದ್ದದ್ದು ಕಟ್ಟುಕಥೆಯಲ್ಲ, ಆ ತಿಂಗಳು ನಿಜವಾಗಿಯೂ ಬಿದ್ದಿತ್ತು. ಚಿತ್ರ ಶುರುವಾದ ಕೂಡಲೇ ಒಂದು ಗುಂಡಿನ ಸದ್ದು, ರೇಡಿಯೋ ಎಂಜಿನಿಯರ್ ರಾಜನ್ ಹೆಣವಾಗುತ್ತಾನೆ. ರಾಜನ್ ಪಾತ್ರ ಶಿವಾಜಿ ಗಣೇಶನ್ ಅವರದು. 1952ರ ‘ಪರಾಶಕ್ತಿ’ಯ ಉದ್ದುದ್ದ ಸಂಭಾಷಣೆಗಳಿಂದ ಮನೆಮಾತಾಗಿದ್ದ ನಟನನ್ನು ಮೊದಲ ದೃಶ್ಯದಲ್ಲೇ ಸಾಯಿಸುವುದಕ್ಕೆ ಎಂಟೆದೆ ಬೇಕು. ಅಲ್ಲಿಂದ ಮುಂದೆ ನಾವು ರಾಜನ್‌ನನ್ನು ನೋಡುವುದೆಲ್ಲ ಬೇರೆಯವರ ಬಾಯಲ್ಲಿ.

ನಿರ್ದೇಶಕ ಎಸ್. ಬಾಲಚಂದರ್. ವೀಣೆ ಬಾಲಚಂದರ್ ಅಂತ ಸಂಗೀತಪ್ರಿಯರು ಕರೆಯುವುದು ಇವರನ್ನೇ. ಆಗ ವಯಸ್ಸು 27. ಒಂದು ಚಿತ್ರಕ್ಕೆ ಹತ್ತಕ್ಕೂ ಹೆಚ್ಚು ಹಾಡು ತುಂಬುತ್ತಿದ್ದ ಕಾಲದಲ್ಲಿ ಒಬ್ಬ ಸಂಗೀತಗಾರನೇ ಹಾಡು, ನೃತ್ಯ, ಹೊಡೆದಾಟ ಯಾವುದೂ ಬೇಡ ಅಂದ. ಎ.ವಿ. ಮೆಯ್ಯಪ್ಪನ್ ಒಪ್ಪಿ ಹಣ ಹಾಕಿದರು. ಚಿತ್ರಕಥೆ, ಸಂಭಾಷಣೆ ಜಾವರ್ ಸೀತಾರಾಮನ್ ಅವರದು. ತನಿಖೆ ಮಾಡುವ ಸಿಐಡಿ ಅಧಿಕಾರಿ ಶಿವಾನಂದಂ ಆಗಿ ತೆರೆಯ ಮೇಲೆ ಬರುವವರೂ ಅವರೇ. ಛಾಯಾಗ್ರಹಣ ಮಾರುತಿ ರಾವ್. ಒಂದೇ ಮನೆಯೊಳಗೆ ಪೂರ್ತಿ ಬೆಳಕು ಬೀಳದ ಮುಖಗಳು, ಗೋಡೆಯ ಮೇಲೆ ಮನುಷ್ಯರಿಗಿಂತ ದೊಡ್ಡ ನೆರಳುಗಳು. ದೀಪ ಆರಿಸಿಕೊಂಡು ಬದುಕುತ್ತಿದ್ದ ಯುದ್ಧಕಾಲದ ಊರಿಗೆ ಈ ಬೆಳಕು ಹೇಳಿ ಮಾಡಿಸಿದಂತಿದೆ.

ಈಗ ರಾಶೊಮೊನ್ ವಿಚಾರ. ಬಾಲಚಂದರ್‌ಗೆ ಪ್ರೇರಣೆ ಕುರೊಸಾವಾ ಚಿತ್ರವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕಟ್ಟುವ ವಿಧಾನ ಬೇರೆ. ಅಲ್ಲಿ ಒಂದೇ ಘಟನೆಯನ್ನು ಪ್ರತಿಯೊಬ್ಬರೂ ತಮ್ಮ ಮಾನ ಉಳಿಯುವ ಹಾಗೆ ತಿರುಚಿ ಹೇಳುತ್ತಾರೆ, ನಿಜ ಏನು ಅನ್ನುವುದು ಕೊನೆಗೂ ಕೈಗೆ ಸಿಗುವುದಿಲ್ಲ. ಇಲ್ಲಿ ಯಾರೂ ಕೊಲೆಯನ್ನು ನೋಡಿದ್ದಾಗಿ ಹೇಳುವುದಿಲ್ಲ. ಪ್ರತಿಯೊಬ್ಬರೂ ಹೇಳುವುದು ಇನ್ನೊಬ್ಬರಿಗೆ ಕೊಲ್ಲುವ ಕಾರಣ ಏನಿತ್ತು ಅನ್ನುವುದನ್ನು. ಪಕ್ಕದ ಮನೆಯ ಚಿನ್ನಯ್ಯ ಪಿಳ್ಳೆ ರಾಜನ್‌ನ ತಮ್ಮ ಪಟ್ಟಾಭಿಯ ಮೇಲೆ ಬೊಟ್ಟು ಮಾಡುತ್ತಾನೆ. ಆಸ್ತಿಯಲ್ಲಿ ಪಾಲು ಕೇಳಿದ್ದ, ಅಣ್ಣ ಕೊಡಲಿಲ್ಲ. ಪಟ್ಟಾಭಿ ತನ್ನ ಹೆಂಡತಿ ಹೇಮಾಳ ಕಡೆ ತಿರುಗಿಸುತ್ತಾನೆ. ಹೇಮಾ ರಾಜನ್‌ಗೆ ಸಂಬಂಧವಿದ್ದ ಅಂಬುಜಂ ಹೆಸರು ಎತ್ತುತ್ತಾಳೆ. ಅಂಬುಜಂ ಬೊಟ್ಟು ಮತ್ತೆ ಚಿನ್ನಯ್ಯನತ್ತ. ಚಕ್ರ ಒಂದು ಸುತ್ತು ಪೂರ್ತಿ.

ಈ ಸುತ್ತಿನಲ್ಲಿ ನನಗೆ ಅತ್ಯಂತ ನಿರ್ದಯವಾಗಿ ಕಂಡ ಕೊಂಡಿ ಪಟ್ಟಾಭಿಯದು. ತನ್ನ ತಲೆ ಉಳಿಸಿಕೊಳ್ಳಲು ಪೊಲೀಸರ ಮುಂದೆ ಕೈಹಿಡಿದವಳ ಹೆಸರು ಹೇಳುವ ಗಂಡ. ಆಸ್ತಿ ಪಾಲಾಗುವ ಮನೆಗಳನ್ನು ಕಂಡವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಒಂದೊಂದು ಹೇಳಿಕೆಯಲ್ಲೂ ರಾಜನ್ ಬೇರೆಯವನಾಗಿ ಕಾಣುತ್ತಾನೆ: ತಮ್ಮನಿಗೆ ಕಾಸು ಬಿಚ್ಚದ ಅಣ್ಣ, ಹೆಣ್ಣಿಗೆ ಮೋಸ ಮಾಡಿದವನು, ಹೆಂಡತಿ ಉಷಾಳ ನೆನಪಿನಲ್ಲಿ ಅಕ್ಕರೆಯ ಗಂಡ. ಶಿವಾಜಿ ಇದನ್ನೆಲ್ಲ ದನಿ ಏರಿಸದೆ ಮಾಡುತ್ತಾರೆ. ಅವರನ್ನು ‘ಓವರ್ ಆ್ಯಕ್ಟಿಂಗ್’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಚಿತ್ರ ನೋಡಲೇಬೇಕು.

ಎರಡನೇ ಸಲ ನೋಡುವಾಗ ಒಂದು ಕೆಲಸ ಮಾಡಿ. ಪ್ರತಿ ಹೇಳಿಕೆಯಲ್ಲೂ ಹೇಳುತ್ತಿರುವವರು ಆ ಹೊತ್ತು ಎಲ್ಲಿದ್ದರು, ತಾವು ಕಣ್ಣಾರೆ ಕಂಡದ್ದು ಎಷ್ಟು, ಊಹೆ ಎಷ್ಟು ಅಂತ ಬೇರ್ಪಡಿಸಿ ನೋಡಿ. ಬಹುಪಾಲು ಊಹೆ. ಚಿತ್ರ ನಮ್ಮನ್ನು ದಾರಿ ತಪ್ಪಿಸುವುದು ಸುಳ್ಳು ಫ್ಲ್ಯಾಷ್‌ಬ್ಯಾಕ್‌ಗಳಿಂದಲ್ಲ, ಕಾರಣವಿದ್ದರೆ ಅಪರಾಧವೂ ಇರಬೇಕು ಅನ್ನುವ ನಮ್ಮದೇ ಅವಸರದಿಂದ. ಇವತ್ತಿನ ಥ್ರಿಲ್ಲರ್‌ಗಳು ಎಡವುವುದು ಇಲ್ಲೇ. ಸುಳ್ಳು ದೃಶ್ಯವನ್ನು ನಿಜ ಅಂತ ತೋರಿಸಿ, ಕೊನೆಗೆ ‘ಅದು ಹಾಗಲ್ಲ’ ಅಂದರೆ ಪ್ರೇಕ್ಷಕ ಮೋಸ ಹೋಗುತ್ತಾನೆಯೇ ಹೊರತು ಬೆರಗಾಗುವುದಿಲ್ಲ.

ಇನ್ನು ಉಷಾ. ಆ ಪಾತ್ರ ಪಂಡರಿಬಾಯಿ ಅವರದು. ನಮ್ಮ ಭಟ್ಕಳ ಮೂಲದವರು, ಹರಿಕಥೆಯಿಂದ ಬಂದವರು. ಗಂಡ ರಾಜನ್ ಶತ್ರುವಿಗೆ ರೇಡಿಯೋ ಮೂಲಕ ರಹಸ್ಯ ಮಾರುತ್ತಿದ್ದಾನೆ ಅಂತ ಉಷಾಳಿಗೆ ಗೊತ್ತಾಗುತ್ತದೆ. ಅವನಿಗೂ ತನ್ನದೇ ಸಿಟ್ಟಿದೆ: ತನ್ನ ಸಂಶೋಧನೆಗೆ ಇಲ್ಲಿ ಯಾರೂ ಬೆಲೆ ಕೊಡಲಿಲ್ಲ. ಅವಳು ತಿದ್ದಲು ನೋಡುತ್ತಾಳೆ, ಅವನು ಬಗ್ಗುವುದಿಲ್ಲ. ಗುಂಡು ಹಾರುವುದು ಅವಳ ಕೈಯಲ್ಲಿದ್ದ ಪಿಸ್ತೂಲಿನಿಂದಲೇ. ಉಳಿದ ಎಲ್ಲರ ಕಾರಣಗಳೂ ಆಸ್ತಿ, ಅಸೂಯೆ, ಅವಮಾನಕ್ಕೆ ಸಂಬಂಧಿಸಿದ್ದು. ರಾಜನ್‌ನನ್ನು ನಿಜವಾಗಿ ಪ್ರೀತಿಸಿದವಳಿಂದಲೇ ಅವನು ಸಾಯುತ್ತಾನೆ. ಮುಂದೆ ತಮಿಳು, ಕನ್ನಡ ಎರಡರಲ್ಲೂ ಸೌಮ್ಯ ತಾಯಿಯಾಗಿ ನೆಲೆಯಾದ ಪಂಡರಿಬಾಯಿ ಅವರ ಮುಖವೇ ಇಲ್ಲಿ ಚಿತ್ರಕ್ಕೆ ಅತಿದೊಡ್ಡ ಮರೆ. ಆ ಮುಖದ ಮೇಲೆ ಅನುಮಾನ ಪಡಲು ಮನಸ್ಸೇ ಬರುವುದಿಲ್ಲ.

ಕೊನೆಯ ಪರೀಕ್ಷೆಯ ದೃಶ್ಯ ಗಮನಿಸಿ. ಶಿವಾನಂದಂ ತಾನೇ ರಾಜನ್ ಆಗಿ ನಿಂತು, ಒಬ್ಬೊಬ್ಬರ ಕೈಗೂ ಪಿಸ್ತೂಲು ಕೊಟ್ಟು ಕೊಲೆಯ ಅಭಿನಯ ಮಾಡಿಸುತ್ತಾನೆ. ಪಟ್ಟಾಭಿ, ಹೇಮಾ ಗುಂಡು ಹಾರಿಸುವ ಆಟ ಮುಗಿಸುತ್ತಾರೆ. ಉಷಾಳಿಂದ ಆಗುವುದಿಲ್ಲ, ಕುಸಿದು ಅಳುತ್ತಾಳೆ. ಕೊಲ್ಲದವರಿಗೆ ಅದು ನಾಟಕ, ಅವಳಿಗೊಬ್ಬಳಿಗೆ ಮಾತ್ರ ನೆನಪು. ಬೆರಳಚ್ಚು, ಕಾರ್ಟ್ರಿಡ್ಜ್‌ಗಳ ಲೆಕ್ಕವಿಲ್ಲದೆ, ಒಂದು ಕೈ ನಡುಗಿದ್ದರಿಂದ ರಹಸ್ಯ ಬಿಡಿಸುವ ಈ ಉಪಾಯ 70 ವರ್ಷದ ನಂತರವೂ ಹಳತಾಗಿಲ್ಲ.

ಆದರೆ ಕಾನೂನಿನ ಕಣ್ಣಿಂದ ನೋಡಿದರೆ ಇಲ್ಲೊಂದು ದೊಡ್ಡ ತೂತಿದೆ. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಪ್ರಕಾರ, ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುವುದಿಲ್ಲ. ಅತ್ತದ್ದು ಸಾಕ್ಷಿಯಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಗಬೇಕು, ಆಯುಧಕ್ಕೂ ಅವಳಿಗೂ ಕೊಂಡಿ ತೋರಿಸಬೇಕು, ಕೊಲ್ಲುವ ಉದ್ದೇಶವಿತ್ತೇ ಅನ್ನುವುದರ ಮೇಲೆ ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ ತೀರ್ಮಾನವಾಗಬೇಕು. ಒಳ್ಳೆಯ ವಕೀಲ ಸಿಕ್ಕರೆ ಉಷಾಳ ಕೇಸು ಅಷ್ಟು ಸುಲಭಕ್ಕೆ ನಿಲ್ಲುವಂಥದ್ದಲ್ಲ.

ಇನ್ನೊಂದು ತೊಡಕು ರಾಜಕೀಯದ್ದು. 1943ರಲ್ಲಿ ದೇಶ ಬ್ರಿಟಿಷರ ಕೈಯಲ್ಲಿತ್ತು, ನೇತಾಜಿ ಅದೇ ಜಪಾನಿನ ನೆರವಿನಿಂದ ಸೇನೆ ಕಟ್ಟುತ್ತಿದ್ದರು. ಹಾಗಿರುವಾಗ ಜಪಾನಿಗೆ ಸುದ್ದಿ ಕೊಡುವುದು ಯಾರಿಗೆ ದ್ರೋಹ? ಸ್ವಾತಂತ್ರ್ಯದ ನಂತರ ತಯಾರಾದ ಚಿತ್ರ ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಬಾಂಬ್ ಬಿದ್ದದ್ದು ಮದ್ರಾಸಿನ ಜನರ ಮೇಲೆ ಅನ್ನುವುದೊಂದೇ ಉಷಾಳ ಪರವಾಗಿ ನಿಲ್ಲುವ ಗಟ್ಟಿ ಉತ್ತರ. ಅದನ್ನೇ ನೇರವಾಗಿ ಹೇಳಿ ಬಿಟ್ಟಿದ್ದರೆ ಸಾಕಿತ್ತು. ಕೊನೆಯ ದೇಶಭಕ್ತಿಯ ಮಾತು ಅಗತ್ಯಕ್ಕಿಂತ ಉದ್ದವಾಯಿತು.

ಬಿಡುಗಡೆಯಾದಾಗ ಚಿತ್ರ ಹಣ ಮಾಡಲಿಲ್ಲ. ಎರಡನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಬಂತು. ಅದೇ ವರ್ಷ ಕನ್ನಡಕ್ಕೆ ಅರ್ಹತಾ ಪತ್ರ ತಂದದ್ದು ‘ಬೇಡರ ಕಣ್ಣಪ್ಪ’. ಅದರ ನೀಲಾ ಕೂಡ ಪಂಡರಿಬಾಯಿ. ರಾಜ್‌ಕುಮಾರ್ ಅವರ ಮೊದಲ ನಾಯಕಪಾತ್ರ ಅಂತ ನಾವು ‘ಬೇಡರ ಕಣ್ಣಪ್ಪ’ವನ್ನು ಮತ್ತೆ ಮತ್ತೆ ನೆನೆಯುತ್ತೇವೆ, ಸರಿಯೇ. ಆದರೆ ಒಂದೇ ವರ್ಷದಲ್ಲಿ ಬೇಡನ ಹೆಂಡತಿಯಾಗಿಯೂ ದೇಶದ್ರೋಹಿಯ ಹೆಂಡತಿಯಾಗಿಯೂ ಎರಡು ಭಾಷೆಗಳ ಎರಡು ಮೈಲಿಗಲ್ಲುಗಳಲ್ಲಿ ನಿಂತ ನಟಿಯ ಬಗ್ಗೆ ನಾವು ಮಾತಾಡಿದ್ದು ತೀರಾ ಕಡಿಮೆ. ನಮ್ಮ ಫಿಲ್ಮ್ ಸೊಸೈಟಿಗಳು ಈ ಎರಡನ್ನೂ ಒಂದೇ ದಿನ ಹಾಕಲಿ. ಬೆಳಿಗ್ಗೆ ‘ಬೇಡರ ಕಣ್ಣಪ್ಪ’, ಸಂಜೆ ‘ಅಂದ ನಾಳ್’.